ವರಸೆಯಲ್ಲಿ ಮಾವ

ಶಿಡ್ಲಘಟ್ಟ
೧೬ ಫೆಬ್ರವರಿ ೨೦೨೫, ಭಾನುವಾರ

ಅಮ್ಮಾ,

ದೂರದಿಂದಲೇ ನಮಸ್ಕಾರ. ಬಗ್ಗಿ ಮಾಡುವ ನಮಸ್ಕಾರದಿಂದ ಮೊನ್ನೆ ತಾನೇ ಪೆಟ್ಟು ತಿಂದಿದ್ದೇನೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಸೋಲುತ್ತೇನೆ. ಅದಕ್ಕೇ ಈ ಪತ್ರ. ಇದಕ್ಕೆ ನಡುವೆ ಬಾಯಿ ಹಾಕಲಾಗದು.

"ಅಷ್ಟು ವರ್ಷ ಗರಡೀಲಿ ದೊಣ್ಣೆ ವರಸೆ ಕಲಿತ್ಯಲ್ಲೇ, ಒಂದೇಟು ತಪ್ಪಿಸ್ಕೊಳ್ಳೋಕೂ ಆಗಲಿಲ್ವಾ? ಬಿಟ್ಟಾಕು ಅದನ್ನ, ಮಾವನ್ನ ಮದುವೆ ಮಾಡ್ಕೊಂಡು ತೆಪ್ಪಗಿರು" ಎಂದೆ ನೀನು ಫೋನಿನಲ್ಲಿ. ಹೌದು, ತಪ್ಪಿಸಿಕೊಳ್ಳಲು ಆಗಲಿಲ್ಲ. ನಡೆದದ್ದನ್ನು ನಿನ್ನ ತಮ್ಮ ಹೇಳಿದ್ದಾನೆ, ಈಗ ನಾನು ಹೇಳುತ್ತೇನೆ.

ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಮಧು ಮಾವ ನನ್ನ ಮಣಿಕಟ್ಟು ಹಿಡಿದ. "ಅಕ್ಕ ಒಪ್ಕೊಂಡಾಯ್ತು, ಕಾರು ಹತ್ತು, ಗೌರಿಬಿದನೂರಿಗೆ ಹೋಗಿ ಮಾತಾಡಣ" ಎಂದ. ಬಿಡು ಎಂದರೆ, "ವರಸೆಯಲ್ಲಿ ಮಾವ ಕಣೇ, ಕೈ ಹಿಡಿದ್ರೆ ತಪ್ಪೇನು?" ಎಂದು ಜನಕ್ಕೆಲ್ಲ ಕೇಳುವಂತೆ ನಕ್ಕ. ಹೂ ಮಾರುವಾಕೆ, "ಮೇನಮಾಮ ಅಂಟ", ಸೋದರಮಾವನಂತೆ, ಎಂದು ಪಕ್ಕದವಳಿಗೆ ತೆಲುಗಿನಲ್ಲಿ ತೀರ್ಪು ಕೊಟ್ಟು ಮತ್ತೆ ಹೂ ಕಟ್ಟತೊಡಗಿದಳು. ಸಂಬಂಧದ ವರಸೆ ತಿಳಿದ ಮೇಲೆ ಯಾರು ಅಡ್ಡ ಬರುತ್ತಾರೆ? ನನಗೆ ಗೊತ್ತಿದ್ದದ್ದು ಇನ್ನೊಂದು ವರಸೆ.

ಗರಡಿಯಲ್ಲಿ ಕಾದಾಟಕ್ಕೆ ಮೊದಲು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಮೈ ತಾನಾಗಿ ಬಗ್ಗಿತು. ಸೌಜನ್ಯ ಅಂತ ಹೆಸರಿಟ್ಟವಳು ನೀನೇ, ಅನುಭವಿಸು. ನಾನು ಕಾಲಿಗೆ ಬೀಳುತ್ತಿದ್ದೇನೆಂದುಕೊಂಡ ಮಾವ ಮಣಿಕಟ್ಟು ಬಿಟ್ಟು ಆಶೀರ್ವಾದಕ್ಕೆ ಕೈ ಎತ್ತಿದ. ನಾನು ಎದ್ದು ಹಿಂದೆ ಸರಿದೆ. ಎತ್ತಿದ ಕೈ ಕೆನ್ನೆಗೆ ಇಳಿಯಿತು. ತುಟಿ ಒಡೆಯಿತು. ಒಂದು ವರಸೆಯೂ ನೆನಪಾಗಲಿಲ್ಲ. ದೊಣ್ಣೆ ಇಲ್ಲ, ಕಾಲಿಡಲು ಜಾಗವಿಲ್ಲ, ಹೆಗಲಲ್ಲಿ ಕಾಲೇಜಿನ ಉತ್ತರಪತ್ರಿಕೆಗಳ ಚೀಲ. ಕೊನೆಗೆ ಚೀಲದ ಸಮೇತ ಗೂಳಿಯ ಹಾಗೆ ನುಗ್ಗಿದೆ. ಮಾವ ಟೊಮೇಟೊ ಕ್ರೇಟಿನ ಮೇಲೆ ಕೂತ. ನಾನು ಓಡಿ ಬಸ್ಸು ಹತ್ತಿದೆ.

ಗರಡಿಯ ಉಸ್ತಾದ್ ಆವಲಪ್ಪನವರಿಗೆ ಎಲ್ಲ ಹೇಳಿದೆ. "ಎದುರಿಗಿರೋನೂ ವರಸೆ ಕಲ್ತಿರಬೇಕಲ್ಲಮ್ಮ" ಎಂದರು. "ಬೀದೀಲಿ ಹೊಡೆಯೋದು ಕಲಿಯದವರೇ, ಉಸ್ತಾದ್ರೇ" ಎಂದೆ. ಸ್ವಲ್ಪ ಮುನಿಸಿಕೊಂಡರು. ಆಮೇಲೆ, "ಹಂಗಾದ್ರೆ ನಮಸ್ಕಾರ ಮನೇಲೇ ಮಾಡ್ಕೊಂಡು ಬನ್ನಿ" ಎಂದರು. ಇವತ್ತು ಬೆಳಿಗ್ಗೆ ನಾವು ಹುಡುಗಿಯರು ಚೀಲ ಹೊತ್ತು, ಇಕ್ಕಟ್ಟಿನ ಓಣಿಯಲ್ಲಿ, ಜಡೆ ಹಿಡಿದೆಳೆದು ಅಭ್ಯಾಸ ಮಾಡಿದೆವು. ಗೆಳತಿ ತನುಜ ನನ್ನನ್ನು ಕೆಡವಿದಳು. ಮತ್ತೆ ಕೆಡವಲು ಬಂದಳು, ಆಗಲಿಲ್ಲ.

ಕಲಿತದ್ದು ಸಾಲದಿದ್ದರೆ ಇನ್ನಷ್ಟು ಕಲಿಯುತ್ತೇನೆ. ಏಟು ತಪ್ಪಿಸಿಕೊಳ್ಳಲಿಲ್ಲವೆಂದು ಏಟು ಕೊಟ್ಟವನಿಗೇ ಕೊರಳೊಡ್ಡುವುದು ಯಾವ ನ್ಯಾಯ? ಕನ್ನಡ ಮೇಡಂ ಆಗಿ ಹೇಳುತ್ತೇನೆ ಕೇಳು: 'ಧ'ದ ಹೊಟ್ಟೆ ಸೀಳು ಮುಚ್ಚಿಬಿಟ್ಟರೂ ಮಧು ಮಾವ ಮದುಮಗನಾಗಲಾರ.

ಕೆನ್ನೆಯ ಊತ ಇಳಿದಿದೆ. "ಅಕ್ಕ ಒಪ್ಕೊಂಡಾಯ್ತು" ಎಂಬುದು ಮಾತ್ರ ಇನ್ನೂ ಉರಿಯುತ್ತಿದೆ. ಅದು ಸುಳ್ಳು ಎಂದು ನೀನು ಇವತ್ತಿನವರೆಗೂ ಹೇಳಿಲ್ಲ.

ಬಗ್ಗುವುದನ್ನು ಬಿಟ್ಟ ನಿನ್ನ ಮಗಳು,
ಸೌಜನ್ಯ

ತಾ.ಕ.: ನಿನ್ನೆ ಠಾಣೆಗೆ ಹೋಗಿ ಮಾವನ ಮೇಲೆ ದೂರು ಕೊಟ್ಟೆ. ಬರೆದುಕೊಳ್ಳುತ್ತಿದ್ದವರು, "ಅವರು ನಿಮಗೆ ಏನಾಗಬೇಕಮ್ಮ?" ಎಂದು ಕೇಳಿದರು. "ಏನೂ ಆಗಬೇಕಾಗಿಲ್ಲ ಸರ್" ಎಂದೆ.