ನಿನ್ನೆಯ ಸರ್ವರ್

ಜೂನ್ ೧೮, ಬುಧವಾರ

ನಾವು ಸಿದ್ಧಪಡಿಸುತ್ತಿರುವ ಆಸ್ಪತ್ರೆಯ ವೆಬ್ ಪುಟವನ್ನು ಕಂಪ್ಯೂಟರ್ ತಾನೇ ಪರೀಕ್ಷಿಸುವಾಗ ತೆಗೆದ ಚಿತ್ರಗಳನ್ನು ಬೆಳಿಗ್ಗೆ ಆಫೀಸಿನಲ್ಲಿ ನೋಡಿದರೆ, ಬಟನ್ ಇನ್ನೂ ನೀಲಿಯಾಗಿಯೇ ಇತ್ತು. ಅದನ್ನು ಹಳದಿ ಮಾಡಿದ್ದು ನಿನ್ನೆ ರಾತ್ರಿ. ಆದರೂ ನಲವತ್ತೂ ಪರೀಕ್ಷೆಗಳು ಪಾಸು!

ನಮ್ಮ ತಂಡದ ಹಿರಿಯರಿಗೆ ಹೇಳಿದೆ. “ಎಲ್ಲಾ ಪಾಸಾಯ್ತು ಅಂತ ಮುಖ ಸಪ್ಪಗೆ ಮಾಡ್ಕೊಂಡೋಳು ನೀನೊಬ್ಳೇ ಕಣಮ್ಮ!” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಯಾಕೋ.

ಮನೆಗೆ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಪರೀಕ್ಷೆಗೆಂದು ನನ್ನ ಕಂಪ್ಯೂಟರಿನಲ್ಲಿ ಎಬ್ಬಿಸುವ ತಾತ್ಕಾಲಿಕ ಸರ್ವರನ್ನು, ಅಂದರೆ ಪುಟ ಒದಗಿಸುವ ಪ್ರೋಗ್ರಾಮನ್ನು, ನಿನ್ನೆ ನಿಲ್ಲಿಸಿದೆನೇ? ಬಸ್ಸಿಗೆ ಓಡಿದ್ದು ನೆನಪಿದೆ, ನಿಲ್ಲಿಸಿದ್ದು ನೆನಪಿಲ್ಲ. ಹಳೆಯದು ಜಾಗ ಬಿಡದಿದ್ದರೆ ಹೊಸದು ಏಳುವುದಿಲ್ಲ. ಹಾಗಾದರೆ ಇಂದು ಪರೀಕ್ಷೆಯಾಗಿದ್ದು ಬಣ್ಣ ಬದಲಿಸುವ ಮುಂಚಿನ, ನಿನ್ನೆಯ ಪುಟ. ಹೋದ ವರ್ಷದ ಉತ್ತರಪತ್ರಿಕೆಗೆ ಈ ವರ್ಷ ಅಂಕ ಕೊಟ್ಟಂತೆ. ಅಥವಾ ನನಗೆ ತಿಳಿಯದ ಬೇರೇನೋ ಕಾರಣವಿದೆಯೋ? ನಾಳೆ ಬೆಳಿಗ್ಗೆ ಹತ್ತರಿಂದ ರೋಗಿಗಳು ಹೊಸ ಪುಟದಲ್ಲೇ ಡಾಕ್ಟರ ಸಮಯ ಕಾದಿರಿಸುತ್ತಾರೆ. ನನ್ನ ಕೆಲಸವಿನ್ನೂ ಖಾಯಂ ಆಗಿಲ್ಲ.

“ಬೀದೀಲಿ ಹೋಗೋ ಮಾರೀನ ಮನೆಗ್ಯಾಕೆ ಕರೀತೀಯೇ? ಸುಮ್ನಿರು,” ಎಂದಳು, ಮನೆಯಲ್ಲಿ ಇದನ್ನು ಕೇಳಿದ ಅಕ್ಕ.

ಬೇಗ ಹೋಗಿ ಗುಟ್ಟಾಗಿ ಹಳೆಯದನ್ನು ನಿಲ್ಲಿಸಿ ಪರೀಕ್ಷೆಗಳನ್ನು ಮತ್ತೆ ನಡೆಸಬಹುದು. ಯಾರಿಗೂ ತಿಳಿಯದು.

ಬೇಡ. ಬೇಗ ಹೋಗುತ್ತೇನೆ, ಆದರೆ ಮುಟ್ಟುವುದಿಲ್ಲ. ಹಿರಿಯರು ಬಂದು ಕುರ್ಚಿ ಎಳೆದು ಕೂತ ಮೇಲೆ, ಅವರೆದುರಿಗೇ ಹಳೆಯದನ್ನು ನಿಲ್ಲಿಸಿ ಪರೀಕ್ಷೆಗಳನ್ನು ಮತ್ತೆ ನಡೆಸುತ್ತೇನೆ.