ಬಾಗಿಲೊಳಗೆ ಬಿದ್ದ ಚಪ್ಪಲಿ

ಫುಜಿಸಾವಾ,
ಬುನ್‌ಕಾ ಒಂಬತ್ತನೆಯ ವರ್ಷ, ಹತ್ತನೆಯ ತಿಂಗಳ ಹುಣ್ಣಿಮೆ

ಸೊಸೆ ಒರಿಕುವಿಗೆ,

ನಿನ್ನ ಅತ್ತೆ ಒಸೇಕಿಯ ಆಶೀರ್ವಾದಗಳು. ಬೈಯಲು ಬರೆದಿದ್ದಾಳೆ ಎಂದು ಹೆದರಬೇಡ. ಸ್ವಲ್ಪ ಬೈಯುತ್ತೇನೆ, ಅಷ್ಟೇ. ಸನ್ಯಾಸಿನಿಯರ ಮಠದ ಬೆಟ್ಟ ಹತ್ತುವವಳು ಅಂಗಳದ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾಳೇನೇ? ಕಾಲೆಲ್ಲ ಕೊಯ್ದುಕೊಂಡಿರಬೇಕು. ಎಣ್ಣೆ ಹಚ್ಚಿಕೋ.

ಆ ದಿನ ಯಸಾಕು ಮನೆಗೆ ಬಂದಾಗ ಅವನ ಕೈಯಲ್ಲಿ ನಿನ್ನ ತೋಳಿನ ಬಟ್ಟೆಯ ಹರಿದ ಚೂರಿತ್ತು. "ಅಮ್ಮಾ, ಹಿಡಿದೇಬಿಟ್ಟಿದ್ದೆ! ಆ ಹಾಳಾದವಳು ಚಪ್ಪಲಿ ತೆಗೆದು ಮಠದ ಬಾಗಿಲೊಳಕ್ಕೆ ಒಗೆದ್ಲು. ಚಪ್ಪಲಿ ಒಳಗೆ ಬಿದ್ರೆ ಹೆಂಗಸೇ ಒಳಗೆ ಬಂದಂಗೆ, ಕೈ ಬಿಡಯ್ಯಾ ಅಂದ ಕಾವಲಿನವನು. ಇದ್ಯಾವ ಸೀಮೆ ನ್ಯಾಯ?" ಎಂದು ಕೂಗಾಡಿದ.

"ಕುಡಿದು ಬಂದು ಹೊಡೀತಿದ್ಯಲ್ಲ, ಅದ್ಯಾವ ಸೀಮೆ ನ್ಯಾಯವೋ?" ಎಂದೆ.

ಮಠದವರು ಬಂದು ಮದುವೆಯಿಂದ ನಿನ್ನ ಬಿಡುಗಡೆ ಪತ್ರ ಕೇಳಿದಾಗ ಬರೆಯುವುದಿಲ್ಲ ಎಂದು ಹಟ ಹಿಡಿದ. ತಾನು ಬರೆಯದಿದ್ದರೆ ಬಿಡುಗಡೆಗಾಗಿ ನೀನು ಎರಡು ವರ್ಷ ಅಲ್ಲೇ ನೆಲ ಒರೆಸಿಕೊಂಡಿರಬೇಕು ಎಂಬುದು ಅವನಿಗೆ ಗೊತ್ತು. "ಇರ್ಲಿ ಬಿಡು, ಕೊಬ್ಬು ಕರಗ್ಲಿ" ಎಂದ. ಮರುದಿನ ಬೆಳಿಗ್ಗೆ ತೋಫುವಿಗೆ ನೆನೆಸಿದ ಕಾಳನ್ನು ಬೀಸುವ ಕಲ್ಲಿನ ಪಕ್ಕ ಇಟ್ಟು, "ನೀನೇ ಬೀಸ್ಕೋ. ನಾನೂ ಹೋಗಿ ಒಂದು ಚಪ್ಪಲಿ ಒಗೆದು ಬರ್ತೀನಿ" ಎಂದೆ.

"ಅಪ್ಪ ಸತ್ತು ಎಷ್ಟು ಕಾಲ ಆಯ್ತಮ್ಮಾ. ಯಾರಿಂದ ಬಿಡಿಸ್ಕೋತೀಯಾ?" ಎಂದು ನಕ್ಕ.

"ನಿನ್ನಿಂದ ಕಣೋ" ಎಂದೆ.

ಮಧ್ಯಾಹ್ನದವರೆಗೆ ಒಬ್ಬನೇ ಕಲ್ಲು ತಿರುಗಿಸಿದ. ತೋಫು ಗಟ್ಟಿಯಾಗಲೇ ಇಲ್ಲ, ಗಿರಾಕಿಗಳು ಆಡಿಕೊಂಡು ಹೋದರು. ಸಂಜೆ ತಾನೇ ಶಾಯಿ ಅರೆದ. "ಇನ್ಮೇಲೆ ಕೈ ಎತ್ತಲ್ಲ ಅಂತ ಬರೀಲಾ ಅಮ್ಮಾ? ಬರ್ತಾಳಾ?" ಎಂದು ಕೇಳಿದ. "ಅದನ್ನ ಬರೀಬೇಡ. ಎತ್ತದೆ ಇರು" ಎಂದೆ. ಬಿಡುಗಡೆ ಪತ್ರದ ವಾಡಿಕೆಯ ಮೂರೂವರೆ ಸಾಲು ಬರೆಯುವಷ್ಟರಲ್ಲಿ ಕಣ್ಣೀರು ಹಾಕಿದ. ಹೆತ್ತವಳಲ್ಲವೇ, ನನಗೂ ಸಂಕಟವಾಯಿತು. ಆದರೂ ಕಾಗದ ಒಣಗುವವರೆಗೆ ಪಕ್ಕದಿಂದ ಏಳಲಿಲ್ಲ.

ಅದು ಇದರ ಜೊತೆಗಿದೆ. ಇನ್ನು ನೀನು ಯಾರ ಹೆಂಡತಿಯೂ ಅಲ್ಲ, ಯಾರನ್ನು ಬೇಕಾದರೂ ಮದುವೆಯಾಗಬಹುದು. ಮೇಲೆ 'ಸೊಸೆ' ಎಂದು ಬರೆದುಬಿಟ್ಟಿದ್ದೇನೆ. ಹೊಡೆದುಹಾಕಲು ಮನಸ್ಸು ಬರಲಿಲ್ಲ, ಹಾಗೇ ಇರಲಿ. ಬೆಳಿಗ್ಗೆ ಕಲ್ಲಿನ ಮುಂದೆ ಕೂತರೆ ಎದುರಿಗೆ ನೀನಿಲ್ಲ. ತುಂಬಾ ನೆನಪಾಗುತ್ತೀಯ.

ಇಂತು,
ಕಲ್ಲಿನ ಈಚೆ ಬದಿಯವಳು,
ಒಸೇಕಿ

ಮರೆತಿದ್ದೆ: ಹೊರಡುವ ದಿನ ಕಾಲಿಗೆ ಕಟ್ಟಿಕೊಳ್ಳುವ ಹುಲ್ಲಿನ ಚಪ್ಪಲಿಯನ್ನು ಹುಡುಕಿ ಹುಡುಕಿ ಸುಸ್ತಾದೆಯಲ್ಲ, ಅದು ಕಾಳಿನ ಚೀಲದಲ್ಲಿತ್ತು. ನಾನೇ ಬಚ್ಚಿಟ್ಟಿದ್ದೆ. ಯಸಾಕು ಹುಟ್ಟುವ ಮೊದಲು ನಾನೂ ಅದೇ ಬೆಟ್ಟ ಹತ್ತಿ ಓಡಿದ್ದೆ, ಒರಿಕು. ನಿನ್ನ ಮಾವ ಹಿಡಿದಾಗ ಮಠದ ಬಾಗಿಲು ಕಣ್ಣೆದುರಿಗೇ ಇತ್ತು. ಕಾಲಿಗೆ ಕಟ್ಟಿದ್ದ ಚಪ್ಪಲಿಯ ಗಂಟು ಬಿಚ್ಚಿ ಒಗೆಯಲು ಆಗಲಿಲ್ಲ.