ಗುಡ್ಡದ ಗಾಳಿ ಮುಗಿದ ಮೇಲೆ

ಡಿಸೆಂಬರ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ನಾನು ಕ್ಷೇಮ, ನಮ್ಮವರು ಕ್ಷೇಮ, ನೀನು ನನ್ನ ತಲೆಗೆ ಕಟ್ಟಿಹೋದ ಬೆಕ್ಕು ನಮ್ಮಿಬ್ಬರಿಗಿಂತ ಕ್ಷೇಮ. ನೀನೂ ನಿನ್ನ ತಂಗಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಅಲ್ಲಿ ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಊದಿಸಿಕೋ. ತಪ್ಪು ನಿನ್ನದೇ. "ಈ ಸಲದ ಗಾಳಿ ಮುಗಿದ ಮೇಲೆ ನೇರವಾಗಿ ಹೇಳು, ಆ ಜಾಗದಲ್ಲಿ ಮತ್ತೆ ಮನೆ ಕಟ್ಟಲೋ, ಹಲ್ಲಿನ ಡಾಕ್ಟರಿಗೆ ಮಾರಿಬಿಡಲೋ. ನೀನು ಹೇಳಿದ ಹಾಗೆ ಮಾಡ್ತೀನಿ" ಎಂದು ಬರೆದವಳು ನೀನು. ಗಾಳಿ ಮುಗಿಯಬೇಕಲ್ಲ! ಈ ವರ್ಷ ಅದು ಮುಗಿಯುವ ಲಕ್ಷಣವನ್ನೇ ತೋರಿಸಲಿಲ್ಲ. ಅಂತೂ ಮೊನ್ನೆ ಮೊದಲ ಮಳೆ ಬಿತ್ತು. ಅಂಗಳಕ್ಕೆ ಹೋಗಿ ಬೇಕಂತಲೇ ನೆನೆದೆ, ನಮ್ಮವರ ಹತ್ತಿರ ಬೈಸಿಕೊಂಡೆ, ಈಗ ಮೂಗು ಒರೆಸಿಕೊಳ್ಳುತ್ತಾ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲಿನಂತಿದ್ದರೆ ನೆಗಡಿಯನ್ನು ಬೈ.

ಮೊದಲು ಊರಿನ ಸುದ್ದಿ. ಆ ವರ್ಷದ ಬೆಂಕಿಗೆ ಸುಟ್ಟ ನಮ್ಮ ಬೀದಿ ಅರ್ಧಕ್ಕರ್ಧ ಮತ್ತೆ ಎದ್ದು ನಿಂತಿದೆ. ಮೂಲೆಯ ಬೇಕರಿಯವನು ತಗಡಿನ ಮಾಡು ಹಾಕಿಸಿದ್ದಾನೆ, ಬಿಸಿಲಿಗೆ ಅದು ಹೊಳೆದು ಎದುರು ಮನೆಯವರ ಕಣ್ಣು ಚುಚ್ಚುತ್ತದೆ. ಅದಕ್ಕೊಂದು ಜಗಳ ನಡೆಯುತ್ತಿದೆ. ಜಗಳ ಶುರುವಾಯಿತು ಎಂದರೆ ಊರು ಸರಿಹೋಯಿತು ಎಂದೇ ಲೆಕ್ಕ ಎನ್ನುತ್ತಾರೆ ನಮ್ಮವರು. ಅವರ ಕ್ಷೌರದಂಗಡಿ ಚೆನ್ನಾಗಿ ನಡೆಯುತ್ತಿದೆ. ನನ್ನ ಲಾಂಡ್ರಿಗೂ ಕಡಲ ದಂಡೆಯ ಲಾಡ್ಜುಗಳೆಲ್ಲ ವಾಪಸ್ಸು ಬಂದಿವೆ. ಹಾಸಿಗೆ ಬಟ್ಟೆ ಒಗೆದು ಒಗೆದು ನನ್ನ ಕೈ ಬೆಳ್ಳಗಾಗಿದೆ. ಮುಖವೊಂದು ಹಾಗೇ ಇದೆ.

ಈಗ ಗಾಳಿಯ ವಿಷಯ. ನೀನು ಈಗಿರುವ ಊರಲ್ಲಿ ಗಾಳಿ ಎಂದರೆ ಫ್ಯಾನಿನದ್ದು ಮಾತ್ರ ಎಂದು ಬರೆದಿದ್ದೆ. ಹಾಗಾಗಿ ಮರೆತಿರಬಹುದು. ವರ್ಷವೆಲ್ಲ ಕಡಲಿಂದ ಉಪ್ಪು ಹೊತ್ತು ಬರುವ ಗಾಳಿ ಅಕ್ಟೋಬರಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಆಮೇಲೆ ಬೆನ್ನ ಹಿಂದಿನಿಂದ, ಗುಡ್ಡ ಇಳಿದು, ಒಲೆಯ ಬಾಯಿ ತೆಗೆದಂತೆ ಇನ್ನೊಂದು ಗಾಳಿ ಬರುತ್ತದೆ. ಬಾಗಿಲು ಮುಟ್ಟಿದರೆ ಚಿಟ್ಟೆಂದು ಬೆರಳಿಗೆ ಶಾಕ್ ಹೊಡೆಯುತ್ತದೆ. ತುಟಿ ಒಡೆಯುತ್ತದೆ, ಮನುಷ್ಯರಿಗೆ ವಿನಾಕಾರಣ ಸಿಟ್ಟು ಬರುತ್ತದೆ. ಗುಡ್ಡದ ಮೇಲಿನ ಹುಲ್ಲು ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ಆದರೆ ನೋಡುವುದಕ್ಕೆ? ಆಕಾಶ ತೊಳೆದಿಟ್ಟ ಹಾಗೆ, ಕಡಲು ಅಲೆಯೇ ಇಲ್ಲದೆ ಮಲಗಿರುತ್ತದೆ. ಹೊರಗಿನಿಂದ ಬಂದವರು "ಎಂಥಾ ಒಳ್ಳೇ ದಿನ!" ಎಂದು ಫೋಟೋ ತೆಗೆಯುತ್ತಾರೆ. ನಾವು ಊರಿನವರು ಗುಡ್ಡದ ಕಡೆ ಮೂಗೆತ್ತಿ ವಾಸನೆ ನೋಡುತ್ತೇವೆ.

ಲಾಂಡ್ರಿಯವಳಾಗಿ ಒಂದು ಮಾತು ಹೇಳಲೇಬೇಕು. ಆ ಗಾಳಿಯಂಥ ಕೆಲಸಗಾರ ನನಗೆ ಇನ್ನೊಬ್ಬ ಸಿಕ್ಕಿಲ್ಲ. ತಂತಿಯ ಈ ತುದಿಯಿಂದ ಬಟ್ಟೆ ಹಾಕಿಕೊಂಡು ಆ ತುದಿಗೆ ಹೋಗುವುದರೊಳಗೆ ಮೊದಲನೆಯದು ಒಣಗಿರುತ್ತದೆ. ಆದರೆ ಅಗ್ನಿಶಾಮಕ ಠಾಣೆಯ ಮೇಲೆ ಬೆಂಕಿಯ ಎಚ್ಚರಿಕೆಯ ಕೆಂಪು ಬಾವುಟ ಏರಿದ ದಿನ ಗುಡ್ಡದ ಕಡೆಯ ಕರೆಂಟು ತೆಗೆದುಬಿಡುತ್ತಾರೆ, ತಂತಿಗೆ ತಂತಿ ತಾಗಿ ಕಿಡಿ ಹಾರಬಾರದೆಂದು. ಬಟ್ಟೆ ಒಣಗಿಯೂ ಇಸ್ತ್ರಿ ಇಲ್ಲ. ಲಾಡ್ಜಿನ ಮ್ಯಾನೇಜರು ಬಂದು, "ಏನಮ್ಮಾ ಇದು, ಹಾಸಿಗೆ ಮೇಲೆ ಹಾಸೋದಾ, ಪೊಟ್ಟಣ ಕಟ್ಟೋದಾ?" ಎಂದ. "ಎರಡಕ್ಕೂ ಆಗತ್ತೆ, ರೇಟು ಒಂದೇ" ಎಂದೆ.

ಇನ್ನು ಕೆಂಪು ಬಾವುಟದ ದಿನದ ಹೊಸ ನಿಯಮ. ನಿನ್ನ ಮನೆ ಸುಟ್ಟ ಆ ವರ್ಷ ಸ್ವಯಂಸೇವಕರು ಖಾಲಿ ಮನೆಗಳ ಬಾಗಿಲನ್ನೆಲ್ಲ ಬಡಿಯುತ್ತಾ ಹೊತ್ತು ಕಳೆದರಲ್ಲ, ಅದಕ್ಕೇ ಈಗ ಮನೆ ಬಿಟ್ಟು ಹೊರಡುವವರು ಗೇಟಿಗೆ ಬಿಳಿ ಬಟ್ಟೆ ಕಟ್ಟಬೇಕು. ಬಿಳಿ ಬಟ್ಟೆ ಇದ್ದರೆ ಒಳಗೆ ಯಾರೂ ಇಲ್ಲ, ಮುಂದಿನ ಮನೆಗೆ ಹೋಗಿ ಎಂದರ್ಥ. ಬೀದಿಗೆಲ್ಲ ಬಟ್ಟೆ ಹಂಚಿದವಳು ನಾನೇ. ಲಾಡ್ಜುಗಳು ಬಿಸಾಡಿದ ಹರಕು ಹಾಸುಗಳನ್ನು ಚಂದವಾಗಿ ಹರಿದು, ಅಂಚು ಮಡಚಿ ಹೊಲಿದು ಕೊಟ್ಟೆ. ನನ್ನ ಹೊಲಿಗೆ ನೋಡಿದ್ದರೆ ಟೈಲರ್ ಆದ ನೀನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ.

ಇಷ್ಟಕ್ಕೆ ನಿಲ್ಲಿಸಿ "ಎಲ್ಲ ಸುಖಾಂತ" ಎಂದು ಬರೆಯಬೇಕೆಂದಿದ್ದೆ. ನಮ್ಮವರೂ, "ಅದನ್ನೆಲ್ಲ ಅವಳಿಗೆ ಯಾಕೆ ಬರೀತೀಯ? ಮೊದಲೇ ಹೆದರಿ ಹೋದವಳು" ಎಂದರು. ಆದರೆ ನೀನು ನೇರವಾಗಿ ಹೇಳು ಎಂದಿದ್ದೀಯ. ನಿನಗೆ ಸುಳ್ಳು ಹೇಳಿ ಅರಗಿಸಿಕೊಳ್ಳುವ ಶಕ್ತಿ ನನಗಿಲ್ಲ.

ನವೆಂಬರಿನಲ್ಲಿ ಬೆಂಕಿ ಬಂತು, ಗುಬ್ಬಿ. ಗುಡ್ಡದ ಆಚೆ ಯಾರೋ ಪುಣ್ಯಾತ್ಮ ಬೆಂಕಿ ಬರಬಾರದೆಂದೇ ಒಣಹುಲ್ಲು ಕತ್ತರಿಸಲು ಹೊರಟಿದ್ದ. ಅದೂ ಕೆಂಪು ಬಾವುಟದ ದಿನ, ಮೆಷಿನ್ನಿನಲ್ಲಿ! ಬ್ಲೇಡು ಕಲ್ಲಿಗೆ ತಾಗಿತು, ಕಿಡಿ ಹಾರಿತು. ಬೆಳಗಿನ ಕಾಫಿ ಲೋಟ ತೊಳೆಯುವುದರೊಳಗೆ ಗುಡ್ಡದ ನೆತ್ತಿಯ ಮೇಲೆ ಹೊಗೆ ಕಂಡಿತು. ಸೈರನ್ ಕೂಗಿತು. ನಮ್ಮವರನ್ನು ನೀನು ನೋಡಬೇಕಿತ್ತು. ವರ್ಷಪೂರ್ತಿ "ಗಾಬರಿ ಆಗಬಾರದು, ಗಾಬರಿಯೇ ಶತ್ರು" ಎಂದು ಗಿರಾಕಿಗಳಿಗೆಲ್ಲ ಪಾಠ ಹೇಳುವ ಮನುಷ್ಯ, ಬಾಲಕ್ಕೆ ಬೆಂಕಿ ಬಿದ್ದವರಂತೆ ಓಡಾಡಿದರು. ಅಂಗಡಿಯ ಕ್ಷೌರದ ಕುರ್ಚಿಯನ್ನು ಬುಡಸಮೇತ ಕಿತ್ತು ವ್ಯಾನಿಗೆ ಹೇರಿದರು. ಅವರ ಅಪ್ಪನ ಕಾಲದ ಕುರ್ಚಿ, ಅದಕ್ಕೆ ನಮ್ಮ ಮನೆಯಲ್ಲಿ ನನಗಿಂತ ಮರ್ಯಾದೆ.

ನಾನು ಬೆಕ್ಕು ಹುಡುಕಲು ಒಳಗೆ ಹೋದೆ. "ನಾನು ಬೇಕರಿಯವಳ ಗಾಡಿಯಲ್ಲಿ ಬರ್ತೀನಿ, ನೀವು ಹೊರಡಿ" ಎಂದು ಕೂಗಿದ್ದೆ. ಬೇಕರಿಯವಳು ಹಾರನ್ ಹೊಡೆದಿದ್ದು, ನಮ್ಮವರು ಆ ಗಾಡಿ ತಿರುಗಿದ್ದನ್ನು ನೋಡಿ ನಾನು ಹತ್ತಿದೆ ಎಂದುಕೊಂಡದ್ದು, ಬೇಕರಿಯವಳು ನಾನು ಗಂಡನ ವ್ಯಾನಿನಲ್ಲಿ ಹೋದೆ ಎಂದುಕೊಂಡದ್ದು, ಎಲ್ಲ ಆಮೇಲೆ ತಿಳಿಯಿತು. ನಮ್ಮವರು ಶಿಸ್ತಿನ ಸಿಪಾಯಿ ತಾನೆ? ಗೇಟಿಗೆ ಬಿಳಿ ಬಟ್ಟೆ ಕಟ್ಟಿ, ಗಂಟು ಗಟ್ಟಿಯಿದೆಯೋ ಎಂದು ಎಳೆದು ನೋಡಿ, ಹೊರಟುಹೋದರು.

ನಾನು ಬೆಕ್ಕನ್ನು ದಿಂಬಿನ ಚೀಲಕ್ಕೆ ತುಂಬಿಕೊಂಡು ಹೊರಗೆ ಬಂದರೆ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಹೊಗೆ ತಗ್ಗಿಗೆ ಇಳಿದಿತ್ತು, ಸೂರ್ಯ ತಾಮ್ರದ ತಟ್ಟೆಯಂತಿದ್ದ, ಬೂದಿ ಮೆಲ್ಲಗೆ ಉದುರುತ್ತಿತ್ತು. ಗೇಟಿನ ಮೇಲೆ ನಾನೇ ಹೊಲಿದ ಬಟ್ಟೆ ಗಾಳಿಗೆ ಪಟಪಟ ಬಡಿಯುತ್ತಿತ್ತು. ಊರಿನ ಪ್ರಕಾರ ನಾನು ಮನೆಯಲ್ಲಿರಲಿಲ್ಲ. ಸುಳ್ಳು ಯಾಕೆ, ಮೊದಲು ಹೆದರಿದೆ. ಆಮೇಲೆ ಸಿಟ್ಟು ಬಂತು ನೋಡು, ಅದೇ ನನ್ನನ್ನು ನಡೆಸಿತು. ಇಳಿಜಾರು ಪೂರ್ತಿ ಗಂಡನನ್ನೂ ಕುರ್ಚಿಯನ್ನೂ ಬೈಯುತ್ತಾ ನಡೆದೆ. ಬೆಕ್ಕು ಚೀಲದೊಳಗಿಂದ ಹೂಂಗುಟ್ಟುತ್ತಿತ್ತು.

ಕೆಳಗಿನ ತಿರುವಿನಲ್ಲಿ ಅಗ್ನಿಶಾಮಕದ ಜೀಪು ಸಿಕ್ಕಿತು. ಮೀಸೆ ಡ್ರೈವರ್ ನೆನಪಿದ್ದಾನಲ್ಲ, ನಿನ್ನ ಹತ್ತಿರ ಯೂನಿಫಾರ್ಮ್ ಹೊಲಿಸಿ "ಹೊಟ್ಟೆ ಹತ್ರ ಸ್ವಲ್ಪ ಸಡಿಲ ಇರ್ಲಿ" ಎನ್ನುತ್ತಿದ್ದವನು. ನನ್ನನ್ನು ನೋಡಿ ದೆವ್ವ ಕಂಡವನಂತೆ ಬ್ರೇಕ್ ಹಾಕಿದ.

"ನಿಮ್ಮ ಗೇಟಿಗೆ ಬಟ್ಟೆ ಕಟ್ಟಿದೆಯಲ್ಲಮ್ಮಾ! ನಾವು ಈಗಷ್ಟೇ ಅದನ್ನ ನೋಡ್ಕೊಂಡು ಬಂದ್ವಿ!"

"ಹೌದಪ್ಪಾ, ನಾನು ಮನೇಲಿಲ್ಲ. ಇಲ್ದೇ ಇರೋಳನ್ನ ಬೇಗ ಹತ್ತಿಸ್ಕೋ."

ಅವನು ನಗಲಿಲ್ಲ. ಇಳಿಸುವಾಗ, "ಇನ್ಮೇಲೆ ಆ ಬಟ್ಟೆ ನಂಬಿ ನಾನು ಯಾವ ಗೇಟನ್ನೂ ದಾಟಲ್ಲ" ಎಂದ.

ಕಡಲ ದಂಡೆಯ ಶಾಲೆಯಲ್ಲಿ ಎಲ್ಲರೂ ಸೇರಿದ್ದರು. ನಮ್ಮವರು ದೊಡ್ಡ ಹಾಲಿನ ನಡುವೆ ಕುರ್ಚಿ ಇಟ್ಟು ಒಬ್ಬರ ಕಟಿಂಗ್ ಶುರುಮಾಡಿಬಿಟ್ಟಿದ್ದರು! ಸುಮ್ಮನೆ ಕೂತರೆ ಜನ ಅಳುತ್ತಾರೆ, ತಲೆ ಒಪ್ಪಿಸಿ ಕೂತರೆ ಅಳುವುದಿಲ್ಲವಂತೆ. ನನ್ನನ್ನು ಕಂಡು, "ಬಂದ್ಯಾ? ಬೇಕರಿಯವರ ಜೊತೆ ಎಲ್ಲಿ ಸುತ್ತಾಡ್ತಿದ್ದೆ?" ಎಂದರು.

"ರೀ, ನಾನು ಒಳಗಿದ್ದೆ."

"ಯಾವುದರ ಒಳಗೆ?"

"ನಮ್ಮನೆ ಒಳಗೆ. ನೀವು ಬಟ್ಟೆ ಕಟ್ಟಿದಾಗ."

ಅರ್ಥವಾದ ಮೇಲೆ ಕತ್ತರಿ ಕೆಳಗಿಟ್ಟರು. ಅರ್ಧ ಕಟಿಂಗ್ ಆದ ಮನುಷ್ಯನನ್ನು ಎಬ್ಬಿಸಿ ತಾವೇ ಆ ಕುರ್ಚಿಯಲ್ಲಿ ಕೂತರು. ದಾರಿಯುದ್ದಕ್ಕೂ ಕೂಡಿಸಿಟ್ಟಿದ್ದ ಬೈಗುಳವೆಲ್ಲ ನನ್ನ ಬಾಯಲ್ಲೇ ಕರಗಿಹೋಯಿತು. ಬೆಕ್ಕನ್ನು ಅವರ ತೊಡೆಯ ಮೇಲೆ ಬಿಟ್ಟು ಪಕ್ಕದಲ್ಲಿ ನಿಂತೆ. ಆ ಅರ್ಧ ತಲೆಯವನು ನಮ್ಮಿಬ್ಬರನ್ನೂ ನೋಡುತ್ತಾ ಬಟ್ಟೆ ಹೊದ್ದುಕೊಂಡೇ ನಿಂತಿದ್ದ, ಪಾಪ.

ಮಧ್ಯಾಹ್ನ ದಾಟಿದ ಮೇಲೆ ಗುಡ್ಡದ ಗಾಳಿ ಸೋತಿತು. ಯಾರೋ, "ಕಡಲ ಗಾಳಿ ಬಂತು!" ಎಂದು ಕೂಗಿದರು. ಎಲ್ಲರೂ ಮೈದಾನಕ್ಕೆ ಓಡಿ ಬಾಯಿ ತೆರೆದು ನಿಂತೆವು. ತುಟಿಗೆ ಉಪ್ಪು ತಾಗಿತು. ಗಾಳಿ ತಿರುಗಿದಾಗ ಬೆಂಕಿಯೂ ದಾರಿ ಬದಲಿಸಿ ಬೇರೆ ಕಡೆ ನುಗ್ಗಬಹುದು ಎಂದು ಠಾಣೆಯವರು ನಮ್ಮನ್ನು ಕತ್ತಲಾಗುವವರೆಗೂ ಬಿಡಲಿಲ್ಲ. ಆದರೆ ಈ ಸಲ ಅದು ನೆತ್ತಿಯಲ್ಲೇ ನಿಂತಿತು. ಬೀದಿಯಲ್ಲಿ ಒಂದು ಹೂಕುಂಡವೂ ಸುಡಲಿಲ್ಲ. ಮಾರನೆಯ ದಿನ ಇಡೀ ಬೀದಿ ಸೇರಿ ನನ್ನ ಬಿಳಿ ಬಟ್ಟೆಗೆ ತಿದ್ದುಪಡಿ ಮಾಡಿತು. ಇನ್ನು ಮೇಲೆ ಕಡೆಯಲ್ಲಿ ಹೊರಬಿದ್ದವರೇ ಕಟ್ಟಬೇಕು, ಅದೂ ಒಳಗಿನ ಕೋಣೆಗಳಿಗೆಲ್ಲ ಹೋಗಿ ಹೆಸರು ಹಿಡಿದು ಕೂಗಿದ ಮೇಲೆ. ನಮ್ಮವರು ಈಗ ಅಂಗಡಿಗೆ ಹೋಗುವಾಗಲೂ ಕೋಣೆ ಕೋಣೆಗೆ ಬಂದು ನನ್ನನ್ನು ಕೂಗುತ್ತಾರೆ. ತಲೆ ಚಿಟ್ಟು ಹಿಡಿಯುತ್ತದೆ. ಆದರೂ ನಿಲ್ಲಿಸಿ ಎಂದಿಲ್ಲ.

ಈಗ ನಿನ್ನ ಪ್ರಶ್ನೆ. ನಾನು ಇಲ್ಲಿ ಖುಷಿಯಾಗಿದ್ದೇನೆ, ಗುಬ್ಬಿ. ಇದು ಸೋಗಲ್ಲ. ಗಾಳಿಯ ಕಾಲದಲ್ಲಿ ಹಾಸಿಗೆಯ ಪಕ್ಕ ಚಪ್ಪಲಿ ಇಟ್ಟುಕೊಂಡು ಮಲಗುತ್ತೇವೆ, ಉಳಿದ ಕಾಲ ಗೊರಕೆ ಹೊಡೆಯುತ್ತೇವೆ. ನನಗೆ ಇದು ಒಗ್ಗಿದೆ. ಆದರೆ ನೀನು ನಿನ್ನ ಕಾಗದದ ಕೊನೆಯಲ್ಲಿ, ಏನೋ ಸಣ್ಣ ವಿಷಯ ಎನ್ನುವ ಹಾಗೆ ಒಂದು ಮಾತು ಬರೆದಿದ್ದೆ. "ಇಲ್ಲಿ ಕಿಟಕಿ ತೆಗೆದಿಟ್ಟು ಮಲಗ್ತೀನಿ" ಎಂದು. ಅದನ್ನು ಓದಿ ನಾನು ಕಾಗದ ಕೆಳಗಿಟ್ಟೆ. ಮನೆ ಹೋದ ಮೇಲೆ ನಮ್ಮನೆಯಲ್ಲಿದ್ದಷ್ಟು ದಿನವೂ ನೀನು ಒಂದೂ ಕಿಟಕಿ ತೆಗೆಯಗೊಡಲಿಲ್ಲ, ಎಲೆ ಅಲ್ಲಾಡಿದರೂ ಎದ್ದು ಕೂರುತ್ತಿದ್ದೆ. ಅಂಥವಳು ಈಗ ಗಾಳಿಗೆ ಮೈಯೊಡ್ಡಿ ಮಲಗುತ್ತೀಯ. ಇಲ್ಲಿ ಇನ್ನು ಬೆಂಕಿ ಬರುವುದಿಲ್ಲ ಎಂದು ನಾನು ಹೇಳಲಾರೆ. ಬರುತ್ತದೆ. ಈ ವರ್ಷ ಬಂದಿತ್ತು.

ಆದ್ದರಿಂದ ಮಾರಿಬಿಡು. ಎರಡನೇ ಯೋಚನೆ ಬೇಡ. ಹಲ್ಲಿನ ಡಾಕ್ಟರು ಒಳ್ಳೆಯ ಮನುಷ್ಯ. ಕಳೆದ ವಾರ ಜಾಗ ನೋಡಲು ಬಂದು ನಮ್ಮಲ್ಲಿ ಕಾಫಿ ಕುಡಿದರು. "ಅಕ್ಕಪಕ್ಕ ಗಲಾಟೆ ಏನೂ ಇಲ್ವಲ್ಲ?" ಎಂದು ಕೇಳಿದರು. "ಇದೆ, ಅದು ನಾನೇ" ಎಂದೆ. ಕಿಡಿ ನುಗ್ಗದ ಹಾಗೆ ಮಾಡಿನ ಸಂದಿಗೆಲ್ಲ ಬಲೆ ಹಾಕಿಸುತ್ತಾರಂತೆ. ನಮ್ಮವರ ಬಾಯಿ ತೆಗೆಸಿ ಒಂದು ಹಲ್ಲು ಕೀಳಲೇಬೇಕು ಎಂದೂ ಹೇಳಿ ಹೋದರು. ಅಂದಿನಿಂದ ಇವರಿಗೆ ಅವರು ನೆರೆಯವರಾಗಿ ಬರುವುದು ಅಷ್ಟು ಇಷ್ಟವಿಲ್ಲ.

ನಿನ್ನ ತಂಗಿಗೆ ನನ್ನ ನೆನಪು ಹೇಳು. ಹೊಲಿಗೆ ಬಿಡಬೇಡ, ಕಣ್ಣು ನೋಯಿಸಿಕೊಳ್ಳಬೇಡ. ನಿನಗೆ ಸುಖನಿದ್ದೆ ಬರಲಿ, ಹಾಸಿಗೆಯ ಹತ್ತಿರ ಚಪ್ಪಲಿ ಇಡುವ ದಿನ ನಿನಗೆ ಮತ್ತೆ ಬಾರದಿರಲಿ. ಅದಕ್ಕಿಂತ ದೊಡ್ಡ ಹಾರೈಕೆ ನನಗೆ ಗೊತ್ತಿಲ್ಲ.

ಇಂತಿ ನಿನ್ನ,
ಪಕ್ಕದ ಮನೆಯವಳು

ಮತ್ತೆ: ಕಾಗದ ಮಡಚಿದ್ದವಳು ಬಿಚ್ಚಿ ಬರೆಯುತ್ತಿದ್ದೇನೆ. ಡಾಕ್ಟರು ಅವತ್ತು ಲೋಟ ಇಡಲು ಅಡುಗೆಮನೆಗೆ ಬಂದು, ಕಿಟಕಿಯ ಬಟ್ಟೆ ಸರಿಸಿ, "ನಿಮ್ಮ ಸಿಂಕಿನ ಹತ್ರ ನಿಂತ್ರೆ ಕಡಲು ಕಾಣತ್ತಲ್ಲಮ್ಮಾ, ಪುಣ್ಯವಂತರು. ನಾನು ಎತ್ತರ ಕಟ್ಟಲ್ಲ ಬಿಡಿ, ನಿಮಗೆ ಮರೆ ಮಾಡಲ್ಲ" ಎಂದರು. ಬಂದವರೆಲ್ಲ ಹೀಗೇ ಹೇಳುತ್ತಾರೆ. "ಎತ್ತರವಾಗೇ ಕಟ್ಟಿ ಡಾಕ್ಟ್ರೇ, ಎಷ್ಟು ಬೇಕೋ ಅಷ್ಟು" ಎಂದೆ. ತಮಾಷೆ ಎಂದುಕೊಂಡರು. ಆ ಕಿಟಕಿಗೆ ನಾನು ಹಾಸಿಗೆ ಬಟ್ಟೆಯೊಂದನ್ನು ಇಳಿಬಿಟ್ಟಿದ್ದೇನೆ. ಹಗಲಲ್ಲೂ ದೀಪ ಹಾಕಿಕೊಂಡು ಪಾತ್ರೆ ತೊಳೆಯುತ್ತೇನೆ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ನಮ್ಮವರಿಗೆ ಹೇಳಿದ್ದೇನೆ. ಅದು ಬಿಸಿಲಲ್ಲ, ಗುಬ್ಬಿ. ನಿನ್ನ ಅಡುಗೆಮನೆಯ ಕಿಟಕಿ ಇದ್ದ ಜಾಗ ಅದು. ಪಾತ್ರೆ ಕೈಯಲ್ಲಿ ಹಿಡಿದು, ನಿನಗೆ ಏನೋ ಹೇಳಬೇಕೆಂದು ಈಗಲೂ ತಲೆ ಎತ್ತುತ್ತೇನೆ. ಬಟ್ಟೆ ಇಲ್ಲದಿದ್ದರೆ ಎದುರಿಗೆ ಬರೀ ನೀರು ಕಾಣುತ್ತದೆ. ಆದರೂ ನೀನು ಮಾರು.